ಪೋಸ್ಟರಿನಲ್ಲಿ ಐದು ಭೂತ, ಫ್ರೇಮಿನಲ್ಲಿ ಒಂದೇ: ಯಾಕೆ ಹೀಗೆ?

ರೀಲುಹುಳ ಕೇಳಿದ್ದು:

ಹಾಲಿವುಡ್ ಸ್ಟುಡಿಯೊ ಯೂನಿವರ್ಸಲ್‌ನವರ 1944ರ ‘ಹೌಸ್ ಆಫ್ ಫ್ರಾಂಕೆನ್‌ಸ್ಟೈನ್’ ಜಾಹೀರಾತಿನಲ್ಲಿ ಡ್ರಾಕುಲಾ, ತೋಳಮನುಷ್ಯ, ಫ್ರಾಂಕೆನ್‌ಸ್ಟೈನನ ದೈತ್ಯ, ಗೂನುಬೆನ್ನಿನವ, ಹುಚ್ಚು ಡಾಕ್ಟರು ಎಲ್ಲ ಒಟ್ಟಿಗೆ ಮೆರೆಯುತ್ತಾರೆ. ಸಿನಿಮಾ ಹಾಕಿದರೆ, ಡ್ರಾಕುಲಾ ಅರ್ಧ ದಾರಿಗೂ ಮುಂಚೆ ಬಿಸಿಲಿಗೆ ಸಿಕ್ಕಿ ಸತ್ತೇ ಹೋಗುತ್ತಾನೆ. ತೋಳವನ್ನೂ ದೈತ್ಯನನ್ನೂ ಅವನು ಕಣ್ಣಿಂದ ಕೂಡ ನೋಡುವುದಿಲ್ಲ. ದೈತ್ಯ ಮೇಜಿನಿಂದ ಏಳುವುದೇ ಕೊನೆಯ ಕೆಲವು ನಿಮಿಷ. ಇದು ದುಡ್ಡಿನ ಸಮಸ್ಯೆಯೋ, ಕಥೆಯದೋ? 15 ನಿಮಿಷದ ಕಿರುಚಿತ್ರಕ್ಕೆ ರಕ್ತಪಿಶಾಚಿ ಮತ್ತು ತೋಳಮನುಷ್ಯ ಇರುವ ಸ್ಕ್ರಿಪ್ಟ್ ಸಿದ್ಧವಿದೆ, ಶೂಟಿಂಗಿಗೆ ಇರುವುದು ಮೂರು ರಾತ್ರಿ. ಎಲ್ಲೆಲ್ಲಿ ಕೈಕೊಡಬಹುದು?

ಕತ್ತಲೆಕೋಣೆ:

ಎರಡೂ ಹೌದು, ಆದರೆ ಕಥೆಯ ಪಾಲು ದೊಡ್ಡದು. ಅದು 71 ನಿಮಿಷದ ಸಿನಿಮಾ. ಪ್ರತಿ ಭೂತವನ್ನೂ ಎಬ್ಬಿಸಬೇಕು, ಓಡಾಡಿಸಬೇಕು, ಮತ್ತೆ ಕೊಲ್ಲಬೇಕು. ಅಷ್ಟರಲ್ಲಿ ರೀಲು ಖಾಲಿ. ಮರುವರ್ಷದ ‘ಹೌಸ್ ಆಫ್ ಡ್ರಾಕುಲಾ’ ಇನ್ನೂ ಗಿಡ್ಡ, 67 ನಿಮಿಷ. ಅದರ ಕೊನೆಯ ಬೆಂಕಿಯನ್ನು 1942ರ ‘ಘೋಸ್ಟ್ ಆಫ್ ಫ್ರಾಂಕೆನ್‌ಸ್ಟೈನ್’ನಿಂದ ಎತ್ತಿ ಅಂಟಿಸಿದ್ದಾರೆ. ಆ ಹಳೆಯ ರೀಲಿನಲ್ಲಿ ದೈತ್ಯನ ವೇಷ ಹಾಕಿದ್ದವನು ಲಾನ್ ಚೇನಿ ಜೂನಿಯರ್, ಹೊಸ ಚಿತ್ರದಲ್ಲಿ ಅವನೇ ತೋಳಮನುಷ್ಯ. ಹಾಗಾಗಿ ಮನೆಯೊಳಗೆ ಉರಿಯುವವನೂ ಅವನೇ, ಹೊರಗೆ ಪಾರಾದವನೂ ಅವನೇ!

ಕತ್ತರಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 1943ರ ‘ಫ್ರಾಂಕೆನ್‌ಸ್ಟೈನ್ ಮೀಟ್ಸ್ ದಿ ವುಲ್ಫ್ ಮ್ಯಾನ್’ ನೋಡಿ. ಹಿಂದಿನ ಕಥೆಯ ಕೊನೆಗೆ ದೈತ್ಯ ಕುರುಡಾಗಿದ್ದ. ದೈತ್ಯನ ವೇಷದಲ್ಲಿ ಬೆಲಾ ಲುಗೋಸಿ ಕೈ ಮುಂದೆ ಚಾಚಿ ತಡವರಿಸುತ್ತ ನಡೆದದ್ದು ಅದಕ್ಕೇ. ಎಡಿಟಿಂಗಿನಲ್ಲಿ ಅವನ ಮಾತೆಲ್ಲ ಹೋಯಿತು, ಜೊತೆಗೆ ಕುರುಡಿನ ಸುದ್ದಿಯೂ ಹೋಯಿತು. ಉಳಿದದ್ದು ಕಾರಣವಿಲ್ಲದ ಆ ನಡಿಗೆ. ಇವತ್ತಿಗೂ ಮಕ್ಕಳು ದೈತ್ಯನನ್ನು ಅಣಕಿಸುವುದು ಹಾಗೇ. ಕೊನೆಯ ಕುಸ್ತಿ ಕಾವೇರುವ ಹೊತ್ತಿಗೆ ಅಣೆಕಟ್ಟು ಒಡೆದು ಇಬ್ಬರೂ ನೀರುಪಾಲು. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ.

ಇಷ್ಟಾದರೂ ಇವನ್ನು ನೋಡುವುದು ಯಾಕೆಂದರೆ, ಒಬ್ಬೊಬ್ಬನಿಗೆ ಒಂದೊಂದು ಕಟ್ಟಳೆ, ಆ ಕಟ್ಟಳೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವಾಗ ಮಜಾ. ತೋಳಮನುಷ್ಯನ 1941ರ ಮೊದಲ ಚಿತ್ರದಲ್ಲಿ, ಅವನು ಯಾವಾಗ ತೋಳವಾಗುತ್ತಾನೆ ಎಂದು ಹೇಳುವ ಪದ್ಯದಲ್ಲಿ ಇದ್ದದ್ದು ಶರತ್ಕಾಲದ ಚಂದ್ರ ಮಾತ್ರ. ಅದು ಪೂರ್ಣಚಂದ್ರನಾದದ್ದು 1943ರ ಈ ಕಲಬೆರಕೆಯಲ್ಲೇ. ನಿಮ್ಮ ಕಥೆಯೂ ಹುಣ್ಣಿಮೆ ಕಳೆದ ಬೆಳಗಿಗೆ ಮುಗಿಯಲಿ: ಬಿಸಿಲು ಬಿದ್ದರೆ ಒಬ್ಬ ಬೂದಿ, ಇನ್ನೊಬ್ಬ ಮತ್ತೆ ಮನುಷ್ಯ. ಬೇರೆ ಕ್ಲೈಮ್ಯಾಕ್ಸ್ ಬೇಕೇ ಇಲ್ಲ.

ಸ್ಕ್ರಿಪ್ಟಿಗೆ ಒಂದೇ ಪರೀಕ್ಷೆ. ಒಂದು ಭೂತವನ್ನು ಕಿತ್ತು ನೋಡಿ, ಕಥೆ ನಡೆದುಕೊಂಡು ಹೋದರೆ ಅದು ಬರೀ ಪೋಸ್ಟರಿಗೆ ಬಂದ ಅತಿಥಿ. 1948ರ ‘ಅಬಟ್ ಅಂಡ್ ಕಾಸ್ಟೆಲೊ ಮೀಟ್ ಫ್ರಾಂಕೆನ್‌ಸ್ಟೈನ್’ ನಗೆಚಿತ್ರವಾದರೂ ಇದರಲ್ಲಿ ಪಾಸು. ಡ್ರಾಕುಲಾನಿಗೆ ಹೇಳಿದ್ದು ಕೇಳುವ ದೈತ್ಯ ಬೇಕು, ಅದಕ್ಕೊಂದು ಪೆದ್ದು ಮಿದುಳು ಬೇಕು, ಅದನ್ನು ತಡೆಯಲು ತೋಳಮನುಷ್ಯ ಬೆನ್ನು ಬಿದ್ದಿದ್ದಾನೆ. (ಡ್ರಾಕುಲಾನ ಬಿಂಬ ಕನ್ನಡಿಯಲ್ಲಿ ಕಾಣುವ ಎಡವಟ್ಟೂ ಇದರಲ್ಲೇ ಇದೆ. ಸೆಟ್‌ನಲ್ಲಿ ಕನ್ನಡಿ ಇದ್ದರೆ ಮೊದಲು ಅದನ್ನು ತಿರುಗಿಸಿಡಿ.)

ಬಣ್ಣದಪೆಟ್ಟಿಗೆ:

ಮೇಲಿನವರು ದುಡ್ಡಿನ ಲೆಕ್ಕ ಬಿಟ್ಟರು. ಇಲ್ಲಿ ದುಡ್ಡು ಅಂದರೆ ಗಂಟೆ. ಆ ಚಿತ್ರಗಳ ಮೇಕಪ್ ಕಲಾವಿದ ಜ್ಯಾಕ್ ಪಿಯರ್ಸ್ ಯಾಕ್ (ಚಮರೀಮೃಗ) ಕೂದಲನ್ನು ಎಳೆಎಳೆಯಾಗಿ ಚೇನಿಯ ಮುಖಕ್ಕೆ ಅಂಟಿಸುತ್ತಿದ್ದ. ನಿಮ್ಮಲ್ಲೂ ತೋಳಕ್ಕೆ ಹಾಕಲು ಮೂರು ಗಂಟೆ, ತೆಗೆಯಲು ಮುಕ್ಕಾಲು ಗಂಟೆ ಎಂದು ಹಿಡಿಯಿರಿ. ಇಬ್ಬರೂ ಪೂರ್ತಿ ವೇಷದಲ್ಲಿ ಒಂದೇ ಫ್ರೇಮಿಗೆ ಬರುವ ಶಾಟ್‌ಗಳನ್ನೆಲ್ಲ ಒಂದೇ ರಾತ್ರಿಗೆ ಹಾಕಿ. ಉಳಿದ ರಾತ್ರಿ ಒಬ್ಬನಿಗಷ್ಟೇ ಮುಖದ ಮೇಕಪ್, ಎದುರಿಗಿರುವವನ ಭುಜ ಮತ್ತು ತಲೆಯ ಹಿಂಭಾಗಕ್ಕೆ ವಿಗ್ ಹಾಕಿದ ಬದಲಿ ಆಳು ಸಾಕು.

ಕ್ರೇಪ್ ಕೂದಲಿನ (ಜಡೆ ಹೆಣೆದು ಮಾರುವ ಮೇಕಪ್ ಕೂದಲು) ಜಡೆ ಬಿಚ್ಚಿ, ಹಬೆಗೆ ಹಿಡಿದು ನೇರ ಮಾಡಿ. ಗದ್ದದ ಕೆಳಗಿಂದ ಶುರುಮಾಡಿ ಮೇಲಕ್ಕೆ ಹೋಗಿ, ಹೆಂಚು ಹೊದಿಸಿದ ಹಾಗೆ ಮೇಲಿನ ಸಾಲು ಕೆಳಗಿನದರ ಬುಡ ಮುಚ್ಚಬೇಕು. ಸ್ಪಿರಿಟ್ ಗಮ್ (ಚರ್ಮಕ್ಕೆ ಹಚ್ಚುವ ಮೇಕಪ್ ಅಂಟು) ಹಚ್ಚಿದ ಕೂಡಲೇ ಅಂಟಿಸಿದರೆ ಜಾರುತ್ತದೆ. ಬೆರಳಿಗೆ ಜಿಗಿಜಿಗಿ ಎನ್ನುವವರೆಗೆ ಕಾದು, ಒದ್ದೆ ಬಟ್ಟೆಯಲ್ಲಿ ಒತ್ತಿ. ಹಿಂದಿನ ದಿನ ಮುಂಗೈ ಒಳಭಾಗಕ್ಕೆ ಹಚ್ಚಿ ನೋಡಿ, ಕೆಲವರಿಗೆ ಗುಳ್ಳೆ ಏಳುತ್ತದೆ. ಮೊದಲು ಬಿಚ್ಚಿಕೊಳ್ಳುವುದು ಬಾಯಿಯ ಸುತ್ತ, ಬೆವರಿನಿಂದ. ಡೈಲಾಗ್ ಇರುವ ಶಾಟ್ ಮೊದಲು ಮುಗಿಸಿ.

ರೂಪಾಂತರ ತೋರಿಸಬೇಕೆಂದರೆ ಉಲ್ಟಾ ತೆಗೆಯಿರಿ. ಪೂರ್ತಿ ಕೂದಲಿನಿಂದ ಆರಂಭಿಸಿ ಐದಾರು ಹಂತದಲ್ಲಿ ಕಳಚುತ್ತ ಬನ್ನಿ, ಎಡಿಟಿಂಗಿನಲ್ಲಿ ಹಂತಗಳ ಕ್ರಮ ತಿರುಗಿಸಿ ತಲಾ ಒಂದು ಸೆಕೆಂಡಿನ ಡಿಸಾಲ್ವ್ (ಒಂದು ಚಿತ್ರ ಕರಗುತ್ತ ಇನ್ನೊಂದು ಮೂಡುವುದು) ಕೊಡಿ. ಟ್ರೈಪಾಡ್, ಲೆನ್ಸ್, ಲೈಟು ಯಾವುದನ್ನೂ ಮುಟ್ಟಬಾರದು. ತಲೆ ಆನಿಸಲು ಕುರ್ಚಿಯ ಹಿಂದೆ ಆಧಾರ ಕಟ್ಟಿ, ಕಣ್ಣು ಮೂಗಿನ ಜಾಗವನ್ನು ಮಾನಿಟರ್ ಮೇಲೆ ಗುರುತು ಹಾಕಿಕೊಳ್ಳಿ. ತಲೆ ಅರ್ಧ ಇಂಚು ಸರಿದರೂ ಮುಖ ಬದಲಾದಂತೆ ಕಾಣುವುದಿಲ್ಲ, ಫೋಟೊ ಬದಲಾದಂತೆ ಕಾಣುತ್ತದೆ.

ರೀಲುಹುಳ:

ಮೂರು ರಾತ್ರಿಯಲ್ಲಿ ಒಂದು ಮೇಕಪ್ಪಿಗೇ ಹೋಗುತ್ತದೆ ಅಂತಾಯಿತು. ಕಾಡಿನ ದೃಶ್ಯ ಹಗಲಲ್ಲೇ ತೆಗೆದು ರಾತ್ರಿ ಮಾಡಬಹುದೇ? ಶವಪೆಟ್ಟಿಗೆಗೆ ಡ್ರೈ ಐಸ್ ಹೊಗೆಯೂ ಬೇಕು.

ಮ್ಯಾಟಿನಿಮಿತ್ರ:

ಮಾಡಬಹುದು. ಎರಡು ಸ್ಟಾಪ್ (ಅಂದರೆ ಕಾಲು ಭಾಗ ಬೆಳಕಿಗೆ) ಕಡಿಮೆ ಎಕ್ಸ್‌ಪೋಸ್ ಮಾಡಿ, ಬಣ್ಣವನ್ನು ನೀಲಿಗೆ ವಾಲಿಸಿ, ಸೂರ್ಯ ಪಾತ್ರಗಳ ಹಿಂದಿರಲಿ. ಆಕಾಶ ಫ್ರೇಮಿಗೆ ಬಂತೋ, ಗುಟ್ಟು ರಟ್ಟು. ಅಸಲಿ ಕತ್ತಲೆಯನ್ನು ಅತಿಯಾಗಿ ನಂಬಿದರೂ ಕಷ್ಟ. ನಿರ್ದೇಶಕ ಆಲ್ ಆಡಮ್ಸನ್‌ನ 1971ರ ‘ಡ್ರಾಕುಲಾ ವರ್ಸಸ್ ಫ್ರಾಂಕೆನ್‌ಸ್ಟೈನ್’ನಲ್ಲಿ ಡ್ರಾಕುಲಾ ದೈತ್ಯನ ಕೈ, ತಲೆ ಕಿತ್ತೆಸೆಯುತ್ತಾನೆ, ಆದರೆ ಆ ಮಬ್ಬಿನಲ್ಲಿ ಯಾರದು ಯಾವ ಕೈ ಎಂದೇ ತಿಳಿಯುವುದಿಲ್ಲ. ಅದು ಬೇರೊಂದು ಸಿನಿಮಾ ಆಗಿ ಶುರುವಾಗಿ, ಭೂತಗಳು ಆಮೇಲೆ ಸೇರಿಕೊಂಡ ಚಿತ್ರ. ಕತ್ತಲೆಕೋಣೆ ಹೇಳಿದ ಪರೀಕ್ಷೆಯಲ್ಲಿ ಸೊನ್ನೆ. ಪ್ರಯೋಗಾಲಯದ ಕಿಡಿ ಹಾರಿಸುವ ಯಂತ್ರಗಳು ಮಾತ್ರ ಕೆನೆತ್ ಸ್ಟ್ರಿಕ್‌ಫಾಡೆನ್‌ನವು, 1931ರ ಮೂಲ ಫ್ರಾಂಕೆನ್‌ಸ್ಟೈನ್ ಚಿತ್ರಕ್ಕೆ ಕೆಲಸ ಮಾಡಿದವನು. ಅದಕ್ಕಾದರೂ ನೋಡಬೇಕು.

ಡ್ರೈ ಐಸ್‌ಗೆ ಬಿಸಿನೀರು ಬೇಕು, ನೀರು ತಣ್ಣಗಾದ ಕೂಡಲೇ ಹೊಗೆ ಇಳಿಯುತ್ತದೆ, ಟೇಕ್ ಟೇಕಿಗೂ ನೀರು ಬದಲಿಸಿ. ಬರಿಗೈಲಿ ಮುಟ್ಟಬೇಡಿ, ದಪ್ಪ ಕೈಗವಸು ಹಾಕಿ. ಪೆಟ್ಟಿಗೆಯೊಳಗೆ ನಟ ಮಲಗಿರುವಾಗ ಮಾತ್ರ ಅದನ್ನು ಬಳಸಲೇಬೇಡಿ. ಅದರಿಂದ ಬರುವುದು ಇಂಗಾಲದ ಡೈಆಕ್ಸೈಡ್, ಗಾಳಿಗಿಂತ ಭಾರ, ತಗ್ಗಿನಲ್ಲಿ ತುಂಬಿಕೊಂಡು ಉಸಿರು ಕಟ್ಟಿಸುತ್ತದೆ. ಮೊದಲು ಖಾಲಿ ಪೆಟ್ಟಿಗೆಯಿಂದ ಹೊಗೆ ಉಕ್ಕುವುದನ್ನು ತೆಗೆಯಿರಿ, ಕಿಟಕಿ ಬಾಗಿಲು ತೆರೆದು ಎಲ್ಲ ಹೊರಹೋಗಲು ಬಿಡಿ, ಆಮೇಲೆ ಆಸಾಮಿಯನ್ನು ಮಲಗಿಸಿ ಕಣ್ಣು ತೆರೆಯುವ ಕ್ಲೋಸಪ್.