ಅಪ್‌ಡೇಟ್: ಲಿನಕ್ಸ್‌ನಲ್ಲಿ ಡೊಮೇನ್ ಪಾಸ್‌ವರ್ಡ್ ಈಗ ಬದಲಾಗುತ್ತಿದೆ

ಈ ತೊಂದರೆಯ ಬಗ್ಗೆ ಹೋದ ವಾರ ಇಲ್ಲಿ ಕೇಳಿದ್ದೆ. ನಮ್ಮ ಗದಗ ಶಾಖೆಯ ಉಬುಂಟು ಕಂಪ್ಯೂಟರ್‌ಗಳು ಹುಬ್ಬಳ್ಳಿಯ ಆಕ್ಟಿವ್ ಡೈರೆಕ್ಟರಿಗೆ (ಎಲ್ಲರ ಲಾಗಿನ್, ಪಾಸ್‌ವರ್ಡ್ ಒಂದೇ ಕಡೆ ನೋಡಿಕೊಳ್ಳುವ ಮೈಕ್ರೋಸಾಫ್ಟ್ ವ್ಯವಸ್ಥೆ; ಅದರಡಿ ಬರುವ ಗುಂಪೇ ಡೊಮೇನ್) ಸೇರಿವೆ. ಲಾಗಿನ್ ಆಗುತ್ತದೆ, ಪಾಸ್‌ವರ್ಡ್ ಬದಲಿಸಲು ಹೋದರೆ ಮಾತ್ರ ‘ಅಥೆಂಟಿಕೇಷನ್ ಟೋಕನ್ ಮ್ಯಾನಿಪ್ಯುಲೇಷನ್ ಎರರ್’, ಅಂದರೆ ಪಾಸ್‌ವರ್ಡ್ ಬದಲಿಸಲು ಆಗಲಿಲ್ಲ ಅಂತ.

ಕಂಪ್ಯೂಟರಿನ ಗಡಿಯಾರ ಸರ್ವರಿನದಕ್ಕೆ ಹೊಂದುತ್ತಾ ನೋಡಿ ಅಂತ ನಿಮ್ಮಲ್ಲಿ ಕೆಲವರು ಅಂದಿದ್ರಿ. ನೋಡಿದೆ, ಸರಿಯಿತ್ತು. ತೊಂದರೆ ಸಿಕ್ಕಿದ್ದು ಫೈರ್‌ವಾಲ್‌ನಲ್ಲಿ (ನೆಟ್‌ವರ್ಕ್‌ನಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಅಂತ ನೋಡುವ ಕಾವಲು). ಆಕ್ಟಿವ್ ಡೈರೆಕ್ಟರಿ ಬಳಸುವ ಗುರುತು ಪರಿಶೀಲನಾ ಪದ್ಧತಿ ಕರ್ಬರೋಸ್. ಅದರ ಲಾಗಿನ್ ಪೋರ್ಟ್ (ನೆಟ್‌ವರ್ಕಿನ ನಂಬರಿರುವ ಬಾಗಿಲು) 88ರಲ್ಲಿ ನಡೆಯುತ್ತದೆ, ಪಾಸ್‌ವರ್ಡ್ ಬದಲಾವಣೆ 464ರಲ್ಲಿ. ಆ 464 ಎರಡು ಊರುಗಳ ನಡುವೆ ಮುಚ್ಚಿತ್ತು. ಟಿಸಿಪಿ, ಯುಡಿಪಿ (ಡೇಟಾ ಕಳಿಸುವ ಎರಡು ವಿಧಾನಗಳು) ಎರಡಕ್ಕೂ ಅದನ್ನು ತೆರೆಸಿದೆ. ಹೆಚ್ಚಿನವರಿಗೆ ಸರಿಹೋಯಿತು.

ಆದರೂ ಇಬ್ಬರಿಗೆ ಅದೇ ಎರರ್! ಇದು ನನ್ನನ್ನು ನಿಜಕ್ಕೂ ಕಾಡಿತು. ಎರರ್ ಬಂದಾಗಲೆಲ್ಲ ನಾನು ಸರ್ವರ್‌ನಲ್ಲಿ ಅವರ ಪಾಸ್‌ವರ್ಡ್ ರೀಸೆಟ್ ಮಾಡಿ ಕೊಡುತ್ತಿದ್ದೆ. ತೊಂದರೆ ಇದ್ದದ್ದು ಅಲ್ಲೇ. ಡೊಮೇನ್ ಪಾಲಿಸಿಯಲ್ಲಿ ಪಾಸ್‌ವರ್ಡಿನ ಕನಿಷ್ಠ ವಯಸ್ಸು 1 ದಿನ ಇದೆ, ಅಂದರೆ ಅಷ್ಟು ಹೊತ್ತು ಬಳಕೆದಾರರು ಅದನ್ನು ಬದಲಿಸುವಂತಿಲ್ಲ, ಮೊದಲಿಂದ ಬರುವ ಸೆಟ್ಟಿಂಗೇ ಅದು. ನಾನು ರೀಸೆಟ್ ಮಾಡಿದಾಗಲೆಲ್ಲ ಆ ಒಂದು ದಿನದ ಲೆಕ್ಕ ಮತ್ತೆ ಶುರುವಾಗುತ್ತದೆ, ಅದಕ್ಕೇ ಅವರು ಬದಲಿಸಲು ಹೋದರೆ ಎರರ್. ರೀಸೆಟ್ ಮಾಡುವಾಗ ‘ಮುಂದಿನ ಲಾಗಿನ್‌ನಲ್ಲಿ ಬದಲಿಸಬೇಕು’ ಅನ್ನೋದಕ್ಕೆ ಟಿಕ್ ಹಾಕಿ ಕೊಟ್ಟರೆ ಈ ತಡೆ ಇರುವುದಿಲ್ಲ. ಹಾಗೇ ಮಾಡಿದೆ, ಇಬ್ಬರೂ ನನ್ನ ಎದುರಿಗೇ ಬದಲಿಸಿಕೊಂಡರು.

ಪೋರ್ಟ್ ನೋಡಿ ಅಂತ ಮೊದಲು ಹೇಳಿದ ಧಾರವಾಡದ ಅಣ್ಣನಿಗೆ ತುಂಬಾ ಥ್ಯಾಂಕ್ಸ್.