ತಾಣಕ್ಕೆ ಬರುವವರಲ್ಲಿ ಮನುಷ್ಯರೆಷ್ಟು, ಯಂತ್ರಗಳೆಷ್ಟು? ನಕಲಿ ತಾಣವನ್ನು ಗುರುತಿಸುವುದು ಹೇಗೆ?

ಉರಗಪ್ರಿಯ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕೆಲವು ವರ್ಷಗಳಿಂದ ನಾನು ಹಾವುಗಳ ಬಗ್ಗೆ ಒಂದು ಸಣ್ಣ ಜಾಲತಾಣವನ್ನು ನಡೆಸುತ್ತಿದ್ದೇನೆ. ಹಾವು ಕಚ್ಚಿದಾಗ ಏನು ಮಾಡಬೇಕು ಎಂಬ ಲೇಖನವನ್ನೇ ಅದರಲ್ಲಿ ಹೆಚ್ಚು ಜನ ಓದುತ್ತಾರೆ. ಕಚ್ಚಿದ ಜಾಗವನ್ನು ಕೊಯ್ಯಬಾರದು, ಬಾಯಿಯಿಂದ ವಿಷ ಹೀರಬಾರದು, ರಕ್ತ ಸಂಚಾರ ನಿಲ್ಲುವಷ್ಟು ಬಿಗಿಯಾಗಿ ಕಟ್ಟಬಾರದು, ಕಚ್ಚಿಸಿಕೊಂಡವರನ್ನು ನಡೆದಾಡಲು ಬಿಡದೆ ಆದಷ್ಟು ಬೇಗ ಆಸ್ಪತ್ರೆಗೆ ಸೇರಿಸಬೇಕು ಎಂಬುದು ಅದರ ಸಾರ.

ಕಳೆದ ತಿಂಗಳು ಎರಡು ಸಂಗತಿಗಳು ಒಟ್ಟೊಟ್ಟಿಗೇ ನಡೆದವು. ಒಂದೇ ವಾರದಲ್ಲಿ ನನ್ನ ತಾಣದ ಭೇಟಿಗಳ ಸಂಖ್ಯೆ ಐದು ಪಟ್ಟು ಏರಿತು. ಆದರೆ ಓದುಗರ ಪತ್ರಗಳಾಗಲಿ ಪ್ರಶ್ನೆಗಳಾಗಲಿ ಒಂದೂ ಹೆಚ್ಚಲಿಲ್ಲ. ಬಂದವರಲ್ಲಿ ಬಹುಪಾಲು ಜನ ಬಂದ ಸೆಕೆಂಡಿನಲ್ಲೇ ಹೊರಟುಹೋಗಿದ್ದರು. ಅದೇ ವಾರ, ಹಿಂದೆಂದೂ ಹೆಸರು ಕೇಳಿರದ ಒಂದು ತಾಣದಲ್ಲಿ ನನ್ನ ಲೇಖನವೇ ಕಾಣಿಸಿತು. ಪದಗಳನ್ನು ಯಂತ್ರದಿಂದ ಅಲ್ಲಲ್ಲಿ ಬದಲಿಸಿದಂತಿತ್ತು, ಮತ್ತು ಆ ಬದಲಾವಣೆಯಲ್ಲಿ "ಬಿಗಿಯಾಗಿ ಕಟ್ಟಬಾರದು" ಎಂದಿದ್ದದ್ದು "ಬಿಗಿಯಾಗಿ ಕಟ್ಟಬೇಕು" ಎಂದಾಗಿತ್ತು. ಆ ಮಾತನ್ನು ನಂಬಿದವರು ಕೈಯನ್ನೋ ಕಾಲನ್ನೋ ಕಳೆದುಕೊಳ್ಳಬಹುದು. ಹುಡುಕಿದಾಗ ಆ ಪುಟ ನನ್ನ ಪುಟಕ್ಕಿಂತ ಮೇಲೆ ಬರುತ್ತಿದೆ ಎಂಬುದು ನನ್ನನ್ನು ಇನ್ನಷ್ಟು ಕಾಡುತ್ತಿದೆ.

ಬಂದವರು ನಿಜವಾಗಿ ಯಾರು? ಇಂಥ ನಕಲಿನಿಂದ ಯಾರಿಗೆ ಏನು ಲಾಭ? ತಿಳಿದವರು ದಯವಿಟ್ಟು ವಿವರಿಸಬೇಕು.

ಸರ್ವರ್‌ನಿರ್ವಾಹಕ

ನಿಮ್ಮ ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ. ಬಂದವರಲ್ಲಿ ಹೆಚ್ಚಿನವು ಬಾಟ್‌ಗಳು, ಅಂದರೆ ತಾವಾಗಿಯೇ ಪುಟಗಳನ್ನು ತೆರೆಯುವ ತಂತ್ರಾಂಶಗಳು, ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಇಂಪರ್ವಾ ಎಂಬ ಭದ್ರತಾ ಸಂಸ್ಥೆಯ ವರದಿಯಂತೆ 2024ರಲ್ಲಿ ಅಂತರ್ಜಾಲ ಸಂಚಾರದ ಶೇ. 51ರಷ್ಟು ಯಂತ್ರಗಳದ್ದೇ ಆಗಿತ್ತು. ಅದರಲ್ಲಿ ಕೆಟ್ಟ ಉದ್ದೇಶದ ಬಾಟ್‌ಗಳ ಪಾಲು ಒಟ್ಟು ಸಂಚಾರದ ಶೇ. 37. ಆ ಸಂಸ್ಥೆ ಬಾಟ್‌ಗಳನ್ನು ತಡೆಯುವ ಸೇವೆಯನ್ನೇ ಮಾರುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಈ ಅಂಕಿಗಳನ್ನು ಓದಬೇಕು. ಆದರೂ ನಾನು ನೋಡಿಕೊಳ್ಳುವ ಸರ್ವರ್‌ಗಳ ದಾಖಲೆಗಳನ್ನು ಕಂಡಾಗ ಅವು ಅತಿಯೆನಿಸುವುದಿಲ್ಲ.

ಎಲ್ಲ ಬಾಟ್‌ಗಳೂ ಕೆಟ್ಟವಲ್ಲ. ಸರ್ಚ್ ಎಂಜಿನ್‌ಗಳ ಬಾಟ್‌ಗಳು ಬಾರದಿದ್ದರೆ ನಿಮ್ಮ ಲೇಖನ ಯಾರಿಗೂ ಸಿಗುತ್ತಲೇ ಇರಲಿಲ್ಲ. ತೊಡಕೆಂದರೆ, ಪ್ರತಿ ಬಾಟ್ ತಾನು ಯಾರೆಂದು ಹೇಳಿಕೊಳ್ಳುವ ಸಾಲನ್ನು ತಾನೇ ಬರೆಯುತ್ತದೆ. ಆದ್ದರಿಂದ ಯಾವ ಕಳ್ಳ ಬಾಟ್ ಬೇಕಾದರೂ ಗೂಗಲ್‌ನ ಹೆಸರನ್ನು ಹೇಳಿಕೊಂಡು ಒಳಗೆ ಬರಬಹುದು. ಇದನ್ನು ಪರೀಕ್ಷಿಸಲು ಒಂದು ದಾರಿಯಿದೆ. ಬಂದ ಐಪಿ ವಿಳಾಸ (ಜಾಲದಲ್ಲಿ ಕಂಪ್ಯೂಟರನ್ನು ಗುರುತಿಸುವ ಸಂಖ್ಯೆ) ಯಾವ ಹೆಸರಿನಲ್ಲಿ ನೋಂದಣಿಯಾಗಿದೆ ಎಂದು ಮೊದಲು ನೋಡಿ, ಆ ಹೆಸರನ್ನು ಮರಳಿ ಹುಡುಕಿದಾಗ ಅದೇ ವಿಳಾಸ ಸಿಗುತ್ತದೆಯೇ ಎಂದು ತಾಳೆ ಹಾಕಬೇಕು. ಆ ಹೆಸರು ಗೂಗಲ್‌ನದೇ ಆಗಿದ್ದು, ಎರಡೂ ಹೊಂದಿದರೆ ಮಾತ್ರ ಅದು ಅಸಲಿ.

ನಿಮ್ಮ ಲಾಗ್‌ಗಳಲ್ಲಿ, ಅಂದರೆ ಸರ್ವರ್‌ನ ಭೇಟಿ ದಾಖಲೆಗಳಲ್ಲಿ, ಇನ್ನೊಂದನ್ನೂ ಗಮನಿಸಿ. ಮನುಷ್ಯರ ಬ್ರೌಸರ್ ಪುಟದೊಂದಿಗೆ ಅದರ ಚಿತ್ರಗಳನ್ನೂ ವಿನ್ಯಾಸದ ಕಡತಗಳನ್ನೂ ಕೇಳುತ್ತದೆ, ಆದರೆ ಸರಳ ಬಾಟ್ ಬರೀ ಪಠ್ಯವನ್ನು ಎತ್ತಿಕೊಂಡು ಹೋಗುತ್ತದೆ. ಹೆಚ್ಚು ಜಾಣ ಬಾಟ್‌ಗಳಾದರೋ ತೆರೆಯಿಲ್ಲದ ಬ್ರೌಸರ್‌ನಲ್ಲಿ ಇಡೀ ಪುಟವನ್ನು ತೆರೆದು, ಮೌಸ್ ಚಲಿಸಿದಂತೆ ನಟಿಸಿ, ಮನೆಗಳಲ್ಲಿರುವ ಸೋಂಕಿತ ಕಂಪ್ಯೂಟರ್‌ಗಳ ಮೂಲಕ ಬರುತ್ತವೆ. ಅಂಥವನ್ನು ಸಣ್ಣ ತಾಣದವರು ಬೇರ್ಪಡಿಸುವುದು ಬಹಳ ಕಷ್ಟ. ಹಾಗಾಗಿ ಭೇಟಿಗಳ ಸಂಖ್ಯೆಯನ್ನು ಓದುಗರ ಸಂಖ್ಯೆಯೆಂದು ನಾನು ಎಂದೂ ಓದುವುದಿಲ್ಲ.

ಜಾಹೀರಾತುಯೋಜಕ

ಲಾಭ ಯಾರಿಗೆ ಎಂಬುದಕ್ಕೆ ಉತ್ತರ ಜಾಹೀರಾತಿನ ವ್ಯವಸ್ಥೆಯಲ್ಲಿದೆ. ನಾನು ಆ ಕ್ಷೇತ್ರದಲ್ಲೇ ಕೆಲಸ ಮಾಡಿದವನಾದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತಿದ್ದೇನೆ.

ಒಂದು ಪುಟ ತೆರೆದುಕೊಳ್ಳುವ ಅಲ್ಪ ಹೊತ್ತಿನಲ್ಲೇ ಅದರ ಖಾಲಿ ಜಾಗಗಳು ಹರಾಜಾಗುತ್ತವೆ. ಕೊಳ್ಳುವ ಕಂಪನಿ ಆ ಪುಟವನ್ನು ಕಣ್ಣಾರೆ ಕಂಡಿರುವುದಿಲ್ಲ; ತಾಣದ ಹೆಸರು ಮತ್ತು ನೋಡುಗರ ಬಗೆಗಿನ ಒಂದಿಷ್ಟು ಗುರುತುಗಳನ್ನು ನಂಬಿ ಅದರ ಪರವಾಗಿ ಯಂತ್ರವೇ ಬೆಲೆ ಕೂಗುತ್ತದೆ. ತಾಣ ಮತ್ತು ನೋಡುಗ ಎರಡನ್ನೂ ಸುಳ್ಳಾಗಿ ಸೃಷ್ಟಿಸಬಲ್ಲವರಿಗೆ ಅಲ್ಲಿ ನಿಜವಾದ ಹಣವಿದೆ.

ಮೆಥ್‌ಬಾಟ್ ಎಂಬ ಜಾಹೀರಾತು ವಂಚನೆಯ ಪ್ರಕರಣ ಇದನ್ನು ಚೆನ್ನಾಗಿ ತೋರಿಸಿತು. ವೈಟ್ ಆಪ್ಸ್ ಎಂಬ ಸಂಸ್ಥೆ 2016ರ ಡಿಸೆಂಬರ್‌ನಲ್ಲಿ ಅದನ್ನು ಬಯಲಿಗೆಳೆಯಿತು. ಬಾಡಿಗೆಗೆ ಪಡೆದ ಸರ್ವರ್‌ಗಳೇ ಮನೆಯಲ್ಲಿ ಕುಳಿತ ಜನರಂತೆ ನಟಿಸಿ, 6,000ಕ್ಕೂ ಹೆಚ್ಚು ಹೆಸರಾಂತ ತಾಣಗಳ ಹೆಸರು ಹೊತ್ತ ನಕಲಿ ಪುಟಗಳಲ್ಲಿ ವಿಡಿಯೋ ಜಾಹೀರಾತುಗಳನ್ನು "ನೋಡುತ್ತಿದ್ದವು". 2018ರ ನವೆಂಬರ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಇದಕ್ಕೂ, 17 ಲಕ್ಷಕ್ಕೂ ಹೆಚ್ಚು ಸೋಂಕಿತ ಕಂಪ್ಯೂಟರ್‌ಗಳನ್ನು ಬಳಸಿದ ಇನ್ನೊಂದು ಜಾಲಕ್ಕೂ ಸಂಬಂಧಿಸಿ ಎಂಟು ಜನರ ಮೇಲಿನ ದೋಷಾರೋಪವನ್ನು ಪ್ರಕಟಿಸಿತು. ಮೆಥ್‌ಬಾಟ್ ದೋಚಿದ ಹಣದ ಬಗ್ಗೆ ವೈಟ್ ಆಪ್ಸ್‌ನ ಅಂದಾಜು ದಿನಕ್ಕೆ 30ರಿಂದ 50 ಲಕ್ಷ ಡಾಲರ್ ಆಗಿದ್ದರೆ, ದೋಷಾರೋಪದಲ್ಲಿ ಮೆಥ್‌ಬಾಟ್‌ಗೆ ಹೇಳಿದ ಮೊತ್ತ ಒಟ್ಟು 70 ಲಕ್ಷ ಡಾಲರ್. ಈ ಅಂತರವನ್ನು ಬೇಕೆಂದೇ ಹೇಳುತ್ತಿದ್ದೇನೆ. ಈ ವಿಷಯದಲ್ಲಿ ಓಡಾಡುವ ದೊಡ್ಡ ಅಂಕಿಗಳನ್ನು ಯಾರು ಎಣಿಸಿದ್ದು, ಹೇಗೆ ಎಣಿಸಿದ್ದು ಎಂದು ಪ್ರತಿ ಸಲವೂ ಕೇಳಬೇಕು.

ಹೆಸರು ಕದಿಯುವುದನ್ನು ತಡೆಯಲೆಂದು 2017ರಲ್ಲಿ ಆ್ಯಡ್ಸ್ ಡಾಟ್ ಟಿಎಕ್ಸ್‌ಟಿ (ads.txt) ಎಂಬ ಕ್ರಮ ಬಂತು. ತನ್ನ ಜಾಗವನ್ನು ಮಾರಲು ಯಾರಿಗೆಲ್ಲ ಅನುಮತಿಯಿದೆ ಎಂಬ ಪಟ್ಟಿಯನ್ನು ತಾಣವು ಅದೇ ಹೆಸರಿನ ಕಡತದಲ್ಲಿ ಬಹಿರಂಗವಾಗಿ ಇಡುತ್ತದೆ. ಇದರಿಂದ ಹೆಸರಿನ ಕಳ್ಳತನಕ್ಕೆ ಸಾಕಷ್ಟು ಅಡ್ಡಿಯಾಯಿತು. ಆದರೆ ತನ್ನದೇ ಹೆಸರಿನಲ್ಲಿ ಕಸ ತುಂಬಿಕೊಂಡು ಕುಳಿತ ತಾಣವನ್ನು ಅದು ತಡೆಯಲಾರದು. ಅಮೆರಿಕದ ಜಾಹೀರಾತುದಾರರ ಸಂಘ 2023ರಲ್ಲಿ ಪರಿಶೀಲಿಸಿದ ವ್ಯವಹಾರಗಳಲ್ಲಿ, ಜಾಹೀರಾತು ತೋರಿಸುವುದಕ್ಕೆಂದೇ ಕಟ್ಟಿದ ತಾಣಗಳಿಗೆ ಜಾಹೀರಾತು ಪ್ರದರ್ಶನಗಳ ಶೇ. 21ರಷ್ಟು ಮತ್ತು ವೆಚ್ಚದ ಶೇ. 15ರಷ್ಟು ಹೋಗುತ್ತಿತ್ತು.

ನಿಮ್ಮ ಲೇಖನವನ್ನು ನಕಲು ಮಾಡಿದ ತಾಣ ಈ ಗುಂಪಿನದೆಂದು ತೋರುತ್ತದೆ. "ಕಟ್ಟಬೇಕು" ಎಂದರೂ "ಕಟ್ಟಬಾರದು" ಎಂದರೂ ಅವರಿಗೆ ಬರುವ ಹಣ ಒಂದೇ. ಯಾರನ್ನೂ ಕೊಲ್ಲುವ ಉದ್ದೇಶ ಅವರಿಗಿಲ್ಲ, ಆದರೆ ಯಾರಾದರೂ ಸತ್ತರೆ ಅವರಿಗೆ ತಿಳಿಯುವುದೂ ಇಲ್ಲ. ಸುಳ್ಳು ಮಾಹಿತಿಯ ಬಹುಪಾಲು ಹೀಗೆಯೇ ಹುಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯ.

ಉರಗಪ್ರಿಯ

ಇಬ್ಬರಿಗೂ ಧನ್ಯವಾದಗಳು. ಲಾಗ್ ನೋಡಿದೆ, ಹೆಚ್ಚಿನ ಭೇಟಿಗಳು ಪಠ್ಯವನ್ನು ಮಾತ್ರ ಕೇಳಿವೆ. ಇನ್ನೊಂದು ಪ್ರಶ್ನೆ: ಆ ನಕಲಿ ತಾಣದ ವಿಳಾಸದಲ್ಲೂ ಸುರಕ್ಷಿತ ಸಂಪರ್ಕದ ಗುರುತು ಇದೆ, ವಿನ್ಯಾಸವೂ ನನ್ನದಕ್ಕಿಂತ ಚೆನ್ನಾಗಿದೆ. ಹೀಗಿರುವಾಗ ಸಾಮಾನ್ಯ ಓದುಗರು ಯಾವುದನ್ನು ನೋಡಿ ನಂಬಬೇಕು?

ಗ್ರಂಥಪಾಲಕಿ

ಆ ಗುರುತನ್ನು ಮೊದಲು ಬದಿಗಿಡೋಣ. ನಿಮಗೂ ಆ ತಾಣಕ್ಕೂ ನಡುವೆ ಹೋಗುವ ಮಾಹಿತಿಯನ್ನು ದಾರಿಯಲ್ಲಿ ಬೇರೆಯವರು ಓದಲಾರರು ಎಂಬುದಷ್ಟೇ ಅದರ ಅರ್ಥ. ಆ ತುದಿಯಲ್ಲಿರುವವರು ಪ್ರಾಮಾಣಿಕರೆಂದು ಅಲ್ಲ. ಅದಕ್ಕೆ ಬೇಕಾದ ಪ್ರಮಾಣಪತ್ರ ಇಂದು ಯಾರಿಗಾದರೂ ಉಚಿತವಾಗಿ ಸಿಗುತ್ತದೆ. ಆ ಗುರುತಾಗಿದ್ದ ಬೀಗದ ಚಿತ್ರವನ್ನು ಜನ ತಪ್ಪಾಗಿ ತಿಳಿಯುತ್ತಿದ್ದಾರೆಂದು ಕ್ರೋಮ್ ಬ್ರೌಸರ್ 2023ರಲ್ಲಿ ಅದನ್ನು ವಿಳಾಸ ಕಾಣುವ ಪಟ್ಟಿಯಿಂದ ತೆಗೆದೇಹಾಕಿತು.

ವಿನ್ಯಾಸವೂ ಸಾಕ್ಷಿಯಲ್ಲ. 2022ರಲ್ಲಿ ಬಯಲಾದ ಡಾಪಲ್‌ಗ್ಯಾಂಗರ್ ಎಂಬ ಪ್ರಚಾರ ಕಾರ್ಯಾಚರಣೆಯಲ್ಲಿ ಡೆರ್ ಶ್ಪೀಗೆಲ್, ಬಿಲ್ಡ್, ಗಾರ್ಡಿಯನ್‌ನಂಥ ಪತ್ರಿಕೆಗಳ ತಾಣಗಳನ್ನು ಅಕ್ಷರಶೈಲಿ ಸಮೇತ ಹಾಗೆಯೇ ನಕಲು ಮಾಡಲಾಗಿತ್ತು. ಕಣ್ಣಿಗೆ ಕಾಣುವ ವ್ಯತ್ಯಾಸವಿದ್ದದ್ದು ಬಹುಮಟ್ಟಿಗೆ ವಿಳಾಸದಲ್ಲಿ.

ಈ ಬಗ್ಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಅವರ ಅಧ್ಯಯನ ನನಗೆ ಬಹಳ ಉಪಯೋಗವಾಗಿದೆ. 10 ಇತಿಹಾಸಕಾರರು, 10 ವೃತ್ತಿನಿರತ ಸತ್ಯಶೋಧಕರು ಮತ್ತು 25 ವಿದ್ಯಾರ್ಥಿಗಳು ಅಪರಿಚಿತ ತಾಣಗಳನ್ನು ಹೇಗೆ ಅಳೆಯುತ್ತಾರೆಂದು ಅವರು ನೋಡಿದರು. ಇತಿಹಾಸಕಾರರೂ ವಿದ್ಯಾರ್ಥಿಗಳೂ ಹಲವು ಬಾರಿ ಪುಟದೊಳಗೇ ಉಳಿದು ಲಾಂಛನ, ಭಾಷೆ, ವಿಳಾಸ ನೋಡಿ ಮೋಸಹೋದರು. ಸತ್ಯಶೋಧಕರಾದರೋ ಪುಟವನ್ನು ಹೆಚ್ಚು ಓದದೆ ಹೊಸ ಟ್ಯಾಬ್‌ಗಳನ್ನು ತೆರೆದು, ಆ ತಾಣದ ಬಗ್ಗೆ ಬೇರೆಯವರು ಏನು ಹೇಳಿದ್ದಾರೆಂದು ಹುಡುಕಿದರು. ಬೇಗ ತೀರ್ಮಾನಕ್ಕೆ ಬಂದರು, ಸರಿಯಾಗಿಯೂ ಬಂದರು. ನಮ್ಮ ಓದುಗರಿಗೆ ನಾನು ಕಲಿಸುವುದು ಇದನ್ನೇ: ಅಪರಿಚಿತ ಪುಟದ ಬಗ್ಗೆ ಆ ಪುಟವನ್ನೇ ಕೇಳಬೇಡಿ, ಹೊರಗೆ ಹೋಗಿ ಕೇಳಿ.

ಜಾಹೀರಾತುಯೋಜಕರು ಹೇಳಿದ ಒಂದು ಮಾತಿಗೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಸುಳ್ಳು ಹಣಕ್ಕಾಗಿ ಹುಟ್ಟಿರಬಹುದು, ಆದರೆ ಅದು ಬೆಳೆಯುವುದು ನಮ್ಮ ಕೈಯಲ್ಲಿ. 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳನ್ನು ಪರಿಶೀಲಿಸಿ 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, ಸುಳ್ಳು ಸುದ್ದಿಯನ್ನು ಜನ ಮರುಹಂಚುವ ಸಾಧ್ಯತೆ ನಿಜ ಸುದ್ದಿಗಿಂತ ಶೇ. 70ರಷ್ಟು ಹೆಚ್ಚು ಎಂದು ಕಂಡುಕೊಂಡಿತು. ಬಾಟ್‌ಗಳು ನಿಜವನ್ನೂ ಸುಳ್ಳನ್ನೂ ಹೆಚ್ಚುಕಡಿಮೆ ಸಮನಾಗಿಯೇ ಹರಡಿದ್ದವು. ವ್ಯತ್ಯಾಸ ಮಾಡಿದವರು ಮನುಷ್ಯರು. ನಿಮ್ಮ ಲೇಖನದ ತಿರುಚಿದ ರೂಪವನ್ನು ಒಳ್ಳೆಯ ಮನಸ್ಸಿನಿಂದಲೇ ಯಾರೋ ತಮ್ಮ ಕುಟುಂಬದವರಿಗೆ ಕಳಿಸಿರುತ್ತಾರೆ ಎಂಬುದನ್ನು ನೆನೆದಾಗ ನನಗೆ ಹೆಚ್ಚು ನೋವಾಗುತ್ತದೆ.

ಜಾಹೀರಾತುಯೋಜಕ

ಗ್ರಂಥಪಾಲಕಿಯವರ ಮಾತನ್ನು ಒಪ್ಪುತ್ತೇನೆ. ಹುಟ್ಟುವುದನ್ನೂ ಹರಡುವುದನ್ನೂ ನಾನು ಬೇರೆಬೇರೆಯಾಗಿ ನೋಡಬೇಕಿತ್ತು.

ಉರಗಪ್ರಿಯ ಅವರೇ, ಒಂದು ಕೆಲಸ ಮಾಡಿ. ಆ ನಕಲಿ ತಾಣದ ಆ್ಯಡ್ಸ್ ಡಾಟ್ ಟಿಎಕ್ಸ್‌ಟಿ ಕಡತವನ್ನು ಬ್ರೌಸರ್‌ನಲ್ಲಿ ತೆರೆಯಿರಿ. ಅದರ ಜಾಹೀರಾತುಗಳನ್ನು ಯಾವ ಕಂಪನಿಗಳು ಮಾರುತ್ತಿವೆ ಎಂಬುದು ಅಲ್ಲಿರುತ್ತದೆ. ಆ ತಾಣಕ್ಕೆ ಸರ್ವರ್ ಒದಗಿಸುವ ಹೋಸ್ಟಿಂಗ್ ಸಂಸ್ಥೆಗೆ ಮತ್ತು ಸರ್ಚ್ ಎಂಜಿನ್‌ಗೆ ಕೃತಿಸ್ವಾಮ್ಯದ ದೂರು ಕೊಡುವುದರ ಜೊತೆಗೆ ಆ ಕಂಪನಿಗಳಿಗೂ ಬರೆಯಿರಿ. ಎರಡೂ ಪುಟಗಳ ಚಿತ್ರಗಳನ್ನು ದಿನಾಂಕದೊಂದಿಗೆ ಲಗತ್ತಿಸಿ, ಜೀವಕ್ಕೆ ಅಪಾಯವಿರುವ ವಾಕ್ಯವನ್ನು ಮೊದಲ ಸಾಲಿನಲ್ಲೇ ಹೇಳಿ.

ಉರಗಪ್ರಿಯ

ಹೇಳಿದಂತೆಯೇ ಮಾಡಿದೆ. ಆ ಕಡತದಲ್ಲಿ ಹಲವು ಕಂಪನಿಗಳ ಹೆಸರುಗಳಿದ್ದವು, ಎಲ್ಲರಿಗೂ ಬರೆದೆ. ಒಂಬತ್ತು ದಿನಗಳ ನಂತರ ಹೋಸ್ಟಿಂಗ್ ಸಂಸ್ಥೆ ಆ ಪುಟವನ್ನು ತೆಗೆಯಿತು. ಜಾಹೀರಾತು ಕಂಪನಿಗಳಲ್ಲಿ ಒಂದು ಮಾತ್ರ ಉತ್ತರಿಸಿ ಆ ತಾಣದ ಖಾತೆಯನ್ನು ನಿಲ್ಲಿಸಿರುವುದಾಗಿ ತಿಳಿಸಿದೆ.

ನಿನ್ನೆ ಬೇರೊಂದು ಹೆಸರಿನ ತಾಣದಲ್ಲಿ ಅದೇ ಲೇಖನ, ಅದೇ ತಪ್ಪು ವಾಕ್ಯದೊಂದಿಗೆ, ಮತ್ತೆ ಕಾಣಿಸಿದೆ. ಅದರ ಕಡತವನ್ನೂ ತೆರೆದು ನೋಡಿದೆ. ಅಲ್ಲಿರುವ ಕೆಲವು ಖಾತೆ ಸಂಖ್ಯೆಗಳು ಮೊದಲ ತಾಣದವೇ. ಈ ಸಲ ದೂರಿನಲ್ಲಿ ಎರಡೂ ತಾಣಗಳ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಕಳಿಸುತ್ತಿದ್ದೇನೆ.