4294967297 ಅವಿಭಾಜ್ಯವಲ್ಲ ಎಂದು ತಿಳಿದದ್ದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. 2³² + 1, ಅಂದರೆ 4294967297, 641ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ ಎಂದು ಓದಿದೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಈ ಭಾಜಕವನ್ನು ಹುಡುಕಲು ಸಾಧ್ಯವಾದದ್ದು ಹೇಗೆ? ದೀರ್ಘ ಭಾಗಾಕಾರ ಮಾಡದೆಯೇ ಇದನ್ನು ಸಾಧಿಸಬಹುದೇ?

ಉತ್ತರ: ನಮಸ್ಕಾರ. 2¹ + 1, 2² + 1, 2⁴ + 1, 2⁸ + 1, 2¹⁶ + 1, ಅಂದರೆ 3, 5, 17, 257, 65537 ಇವೆಲ್ಲ ಅವಿಭಾಜ್ಯಗಳಾಗಿರುವುದನ್ನು ಕಂಡ ಫ್ರೆಂಚ್ ಗಣಿತಜ್ಞ ಫರ್ಮಾ, ಅದೇ ಸಾಲಿನಲ್ಲಿ ಮುಂದೆ ಬರುವ ಸಂಖ್ಯೆಗಳೂ ಅವಿಭಾಜ್ಯಗಳೇ ಎಂದು 1640ರ ಸುಮಾರಿಗೆ ನಂಬಿದ್ದರು. ಸಾಲಿನ ಮುಂದಿನ ಸಂಖ್ಯೆಯೇ ನೀವು ಕೇಳಿರುವುದು. ಅದು 641 × 6700417 ಎಂದು 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ತೋರಿಸಿದರು. ಇದರ ಯಾವುದೇ ಅವಿಭಾಜ್ಯ ಭಾಜಕವನ್ನು 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕು ಎಂಬ ನಿಯಮವನ್ನೂ ಮುಂದೆ ಅವರೇ ಸಾಧಿಸಿದರು. ಆ ನಿಯಮದಂತೆ ಪರೀಕ್ಷಿಸಬೇಕಾದ ಅವಿಭಾಜ್ಯಗಳು 193, 257, 449, 577, ಆಮೇಲೆ 641. ಅಂದರೆ ಐದನೆಯ ಪ್ರಯತ್ನದಲ್ಲೇ ಉತ್ತರ ಸಿಗುತ್ತದೆ. ಆದ್ದರಿಂದ, ನನ್ನ ದೃಷ್ಟಿಯಲ್ಲಿ, ಮೆಚ್ಚಬೇಕಾದದ್ದು ಭಾಗಾಕಾರದ ಶ್ರಮವನ್ನಲ್ಲ, ಹುಡುಕಾಟವನ್ನು ಇಷ್ಟು ಕಿರಿದುಗೊಳಿಸಿದ ತರ್ಕವನ್ನು.

ಭಾಗಿಸದೆಯೇ ಸಾಧಿಸಲು 641 ಅನ್ನು ಎರಡು ಬಗೆಯಲ್ಲಿ ಬರೆದರೆ ಸಾಕು: 641 = 5 × 2⁷ + 1 ಮತ್ತು 641 = 5⁴ + 2⁴. ಮೊದಲನೆಯದರ ಪ್ರಕಾರ, 641ರ ಅಪವರ್ತ್ಯಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, 5 × 2⁷ ಎಂಬುದು −1ಕ್ಕೆ ಸಮ. ಎರಡೂ ಬದಿಗಳನ್ನು ನಾಲ್ಕನೆಯ ಘಾತಕ್ಕೇರಿಸಿದಾಗ 5⁴ × 2²⁸ ಎಂಬುದು 1ಕ್ಕೆ ಸಮವಾಗುತ್ತದೆ. ಎರಡನೆಯದರ ಪ್ರಕಾರ 5⁴ರ ಜಾಗದಲ್ಲಿ −2⁴ ಇಡಬಹುದಾದ್ದರಿಂದ −2³² ಎಂಬುದು 1ಕ್ಕೆ ಸಮ, ಎಂದರೆ 2³² + 1 ಎಂಬುದು 641ರ ಅಪವರ್ತ್ಯ.

ಪ್ರಶ್ನೆ: ಅವಿಭಾಜ್ಯಗಳನ್ನು ಪರೀಕ್ಷಿಸಲು ನೆರವಾಗುವ ಪ್ರಮೇಯ ಫರ್ಮಾ ಅವರದೇ ಅಲ್ಲವೇ ಸರ್? ಅದನ್ನು ಇಲ್ಲಿ ಬಳಸಿದ್ದರೆ ನಿಜ ತಿಳಿಯುತ್ತಿರಲಿಲ್ಲವೇ?

ಉತ್ತರ: p ಅವಿಭಾಜ್ಯವಾಗಿದ್ದರೆ, pಯಿಂದ ಭಾಗವಾಗದ ಯಾವುದೇ ಸಂಖ್ಯೆಯನ್ನು ಆಧಾರವಾಗಿಟ್ಟುಕೊಂಡು ಅದರ (p − 1)ನೇ ಘಾತವನ್ನು pಯಿಂದ ಭಾಗಿಸಿದಾಗ ಶೇಷ 1 ಬರುತ್ತದೆ ಎಂಬುದು ಆ ಪ್ರಮೇಯ. ಆಧಾರವಾಗಿ 2 ಅನ್ನು ತೆಗೆದುಕೊಂಡಿದ್ದರೆ ನಿಜ ತಿಳಿಯುತ್ತಿರಲಿಲ್ಲ. ಈ ಸಂಖ್ಯೆಯನ್ನು N ಎನ್ನೋಣ. 2³² ಅನ್ನು Nನಿಂದ ಭಾಗಿಸಿದಾಗಿನ ಶೇಷ −1ಕ್ಕೆ ಸಮ, ಆದಕಾರಣ 2⁶⁴ರ ಶೇಷ 1. N − 1 ಎಂಬುದು 64ರ ಅಪವರ್ತ್ಯವಾದ್ದರಿಂದ 2ರ (N − 1)ನೇ ಘಾತದ ಶೇಷವೂ 1 ಆಗಿ, ಸಂಯುಕ್ತ ಸಂಖ್ಯೆಯೊಂದು ಪರೀಕ್ಷೆಯಲ್ಲಿ ತೇರ್ಗಡೆಯಾಗಿಬಿಡುತ್ತದೆ. 3 ಅನ್ನು ಆಧಾರವಾಗಿಟ್ಟುಕೊಂಡರೆ ಶೇಷ 1 ಬರುವುದಿಲ್ಲ, ಗುಟ್ಟು ರಟ್ಟಾಗುತ್ತದೆ. ಆದರೆ ಅದಕ್ಕೆ ಸತತವಾಗಿ 32 ಬಾರಿ ವರ್ಗ ಮಾಡಿ ಶೇಷ ತೆಗೆಯಬೇಕು. ಕೈಲೆಕ್ಕದಲ್ಲಿ 641ರವರೆಗೆ ಭಾಗಿಸಿ ನೋಡುವುದೇ ಎಷ್ಟೋ ಸುಲಭ.

ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ. ಅವಿಭಾಜ್ಯ ಸಂಖ್ಯೆಯೊಂದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಸಾಧ್ಯವಿದ್ದರೆ, ಕ್ರಮ ಬದಲಿಸುವುದನ್ನು ಬಿಟ್ಟು, ಅದು ಒಂದೇ ವಿಧದಲ್ಲಿ ಸಾಧ್ಯ. ಈ ಸಂಖ್ಯೆಯಾದರೋ 65536² + 1² ಆಗಿರುವಂತೆಯೇ 62264² + 20449² ಕೂಡ ಆಗಿದೆ.